ದೂರದ ವೈದ್ಯರೂ ಹತ್ತಿರದ ಸಾಕ್ಷಿಯೂ

ವೈದ್ಯರ ಬಳಿಗೆ ಹೋಗುವ ರೋಗಗಳಲ್ಲಿ ಬಹುಪಾಲು ತಮ್ಮ ಗುರುತನ್ನು ಜೊತೆಯಲ್ಲಿಯೇ ಕೊಂಡೊಯ್ಯುತ್ತವೆ. ಜ್ವರ ಬಂದವನ ಮೈ ಸುಡುತ್ತಿರುತ್ತದೆ. ಕೈ ಮುರಿದವನ ಕೈ ಊದಿಕೊಂಡಿರುತ್ತದೆ. ಕಾಮಾಲೆಯಾದವನ ಕಣ್ಣು ಹಳದಿಯಾಗಿರುತ್ತದೆ. ಇದ್ದಕ್ಕಿದ್ದಂತೆ ಎಚ್ಚರ ತಪ್ಪಿ ಬೀಳುವ ತೊಂದರೆ ಹಾಗಲ್ಲ. ಬಿದ್ದವನು ಅರೆ ನಿಮಿಷದಲ್ಲಿಯೋ ಒಂದೆರಡು ನಿಮಿಷಗಳಲ್ಲಿಯೋ ಎದ್ದು ಕೂಡುತ್ತಾನೆ. ವೈದ್ಯರ ಮುಂದೆ ಬರುವ ಹೊತ್ತಿಗೆ ಅವನ ನಾಡಿ ಸರಿಯಾಗಿರುತ್ತದೆ, ಮಾತು ಸರಿಯಾಗಿರುತ್ತದೆ, ಮುಖದಲ್ಲಿ ಕಳೆಯೂ ಮರಳಿರುತ್ತದೆ. ಏನಾಯಿತೆಂದು ಕೇಳಿದರೆ, "ಕಣ್ಣು ಕತ್ತಲೆ ಬಂತು, ಆಮೇಲೆ ಗೊತ್ತಿಲ್ಲ" ಎನ್ನುತ್ತಾನೆ. ರೋಗವು ಬಂದು ಹೋಗಿದೆ. ರೋಗಿಯೇ ಅದನ್ನು ಕಂಡಿಲ್ಲ.

ಇಂತಹ ಕಾಯಿಲೆಯ ಮೂಲವನ್ನು, ರೋಗಿಯಿಂದ ನೂರಾರು ಕಿಲೋಮೀಟರು ದೂರದಲ್ಲಿ ಕುಳಿತು ಪರದೆಯ ಮೇಲೆ ಮಾತ್ರ ಕಾಣಿಸಿಕೊಳ್ಳುವ ವೈದ್ಯರು ಪತ್ತೆ ಮಾಡಬಲ್ಲರೆ? ದೂರವೈದ್ಯದ ವ್ಯವಸ್ಥೆ ಹಳ್ಳಿಹಳ್ಳಿಗೂ ಹಬ್ಬುತ್ತಿರುವ ಈ ದಿನಗಳಲ್ಲಿ ಈ ಪ್ರಶ್ನೆಯನ್ನು ವಿಚಾರಮಾಡುವುದು ಅವಶ್ಯವೆಂದು ನಮಗೆ ತೋರುತ್ತದೆ. ನಮ್ಮ ಉತ್ತರವನ್ನು ಮೊದಲಿಗೇ ಹೇಳಿಬಿಡುತ್ತೇವೆ: ಬಹುಮಟ್ಟಿಗೆ ಪತ್ತೆ ಮಾಡಬಲ್ಲರು, ಆದರೆ ಒಂದು ಕರಾರಿನ ಮೇಲೆ. ರೋಗಿಯ ಪಕ್ಕದಲ್ಲಿ, ನಡೆದುದನ್ನು ಕಣ್ಣಾರೆ ಕಂಡು ಸರಿಯಾಗಿ ಹೇಳಬಲ್ಲ ಒಬ್ಬ ಸಾಕ್ಷಿಯೂ, ರಕ್ತದೊತ್ತಡವನ್ನೂ ಹೃದಯದ ವಿದ್ಯುಲ್ಲೇಖವನ್ನೂ ತೆಗೆಯಬಲ್ಲ ಒಬ್ಬ ಆರೋಗ್ಯ ಕಾರ್ಯಕರ್ತರೂ ಇರಬೇಕು. ಇವರಿಬ್ಬರಿಲ್ಲದೆ ಪರದೆಯ ವೈದ್ಯರು ಊಹೆ ಮಾಡಬಲ್ಲರೇ ಹೊರತು ನಿದಾನ ಮಾಡಲಾರರು.

ಅಳಿವೆಯ ಆಚೆಯ ಊರು

ವಿಷಯವನ್ನು ಒಂದು ನೆಲದ ಮೇಲೆ ನಿಲ್ಲಿಸಿ ನೋಡೋಣ. ಕಾಳಿ ನದಿಯು ಅರಬ್ಬೀ ಸಮುದ್ರವನ್ನು ಕೂಡುವ ಅಳಿವೆಯ ಉತ್ತರ ದಡದಲ್ಲಿ ದೇವಬಾಗವಿದೆ. ಒಂದು ಕಡೆ ನದಿ, ಇನ್ನೊಂದು ಕಡೆ ಕಡಲು. ನಡುವೆ ಮರಳಿನ ನೆಲ, ಗಾಳಿಮರದ ತೋಪು, ಮೀನುಗಾರರ ಮನೆಗಳು. ಎದುರಿನ ದಡದಲ್ಲಿ ಕಾರವಾರ ಪಟ್ಟಣವು ಕಣ್ಣಿಗೇ ಕಾಣುತ್ತದೆ. ಆದರೆ ರಸ್ತೆಯಲ್ಲಿ ಹೋಗುವವರು ಸದಾಶಿವಗಡದ ಕಡೆಯಿಂದ ಸುತ್ತಿಕೊಂಡು ಕಾಳಿ ಸೇತುವೆಯನ್ನು ದಾಟಬೇಕು. ೨೦೨೪ರ ಆಗಸ್ಟ್ ೭ರ ನಸುಕಿನಲ್ಲಿ ಅಲ್ಲಿಯ ಹಳೆಯ ಸೇತುವೆ ಕುಸಿದು, ಲಾರಿಯೊಂದು ನದಿಗೆ ಬಿದ್ದುದನ್ನು ವಾಚಕರು ಮರೆತಿರಲಾರರು. ಪಕ್ಕದಲ್ಲಿ ಹೊಸ ಸೇತುವೆ ಇದ್ದುದರಿಂದ ಎರಡು ದಡಗಳ ಸಂಬಂಧ ಪೂರ್ತಿಯಾಗಿ ಕಡಿಯಲಿಲ್ಲ. ಆದರೂ ಒಂದು ಊರಿನ ಆರೋಗ್ಯವು ಎಷ್ಟು ಸಣ್ಣ ಎಳೆಯ ಮೇಲೆ ನಿಂತಿರಬಲ್ಲದೆಂಬುದನ್ನು ಆ ರಾತ್ರಿ ತೋರಿಸಿತು.

ಕಾರವಾರದಲ್ಲಿ ವೈದ್ಯಕೀಯ ಮಹಾವಿದ್ಯಾಲಯವಿದೆ, ಅದರ ಆಸ್ಪತ್ರೆಯಿದೆ. ಆದರೆ ಹೃದಯ, ಮಿದುಳು ಮೊದಲಾದ ಅಂಗಗಳ ವಿಶೇಷ ಚಿಕಿತ್ಸೆಗಾಗಿ ಉತ್ತರ ಕನ್ನಡದ ಜನರು ಬಹುಕಾಲದಿಂದ ಜಿಲ್ಲೆಯ ಹೊರಗೆ ಹೋಗುತ್ತ ಬಂದಿದ್ದಾರೆ. ಮಣಿಪಾಲವು ಸುಮಾರು ೨೦೦ ಕಿಲೋಮೀಟರು ದೂರ. ಹುಬ್ಬಳ್ಳಿಗೆ ಘಟ್ಟ ಹತ್ತಬೇಕು. ಗೋವೆಗೆ ರಾಜ್ಯದ ಗಡಿ ದಾಟಬೇಕು. ೨೦೨೨ರ ಜುಲೈ ತಿಂಗಳಲ್ಲಿ ಹೊನ್ನಾವರದಿಂದ ಉಡುಪಿಯ ಕಡೆಗೆ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರಿನ ಟೋಲ್ ಗೇಟಿನಲ್ಲಿ ಅಪಘಾತಕ್ಕೀಡಾಗಿ ನಾಲ್ವರು ಮಡಿದರು. ಜಿಲ್ಲೆಗೆ ಸುಸಜ್ಜಿತವಾದ ದೊಡ್ಡ ಆಸ್ಪತ್ರೆಯೊಂದು ಬೇಕೆಂಬ ಹಳೆಯ ಬೇಡಿಕೆಯು ಆಗ ಮತ್ತೊಮ್ಮೆ ಗಟ್ಟಿಯಾಗಿ ಕೇಳಿಬಂದಿತು.

ಇಂತಹ ನಾಡಿನಲ್ಲಿ, ಒಮ್ಮೆ ಎಚ್ಚರ ತಪ್ಪಿ ಬಿದ್ದು ಈಗ ನೆಟ್ಟಗೆ ಕುಳಿತಿರುವವನನ್ನು ದೂರದ ಊರಿಗೆ ಕರೆದೊಯ್ಯಬೇಕೆ, ಬೇಡವೆ? ಕರೆದೊಯ್ದರೆ ಒಂದೆರಡು ದಿನಗಳ ದುಡಿಮೆಯೂ ಸಾವಿರಾರು ರೂಪಾಯಿಯೂ ಹೋಗುತ್ತದೆ. ಕೊನೆಗೆ ಬರುವ ಉತ್ತರವು "ಏನೂ ಇಲ್ಲ, ನೀರು ಹೆಚ್ಚಾಗಿ ಕುಡಿಯಿರಿ" ಎಂದಿರಬಹುದು. ಕರೆದೊಯ್ಯದಿದ್ದರೆ ಮುಂದಿನ ಸಲ ಅವನು ಬೀಳುವುದು ದೋಣಿಯಿಂದ ಕಡಲಿಗೆ ಆಗಬಹುದು. ಈ ಆಯ್ಕೆಯ ಕ್ಷಣದಲ್ಲಿಯೇ ದೂರದ ವೈದ್ಯರ ನಿಜವಾದ ಪ್ರಯೋಜನವಿರುವುದು.

ಒಂದು ಮಾತು, ಮೂರು ರೋಗ

ಎಚ್ಚರ ಏಕೆ ತಪ್ಪುತ್ತದೆ? ನಮ್ಮ ಮಿದುಳಿನ ತೂಕ ದೇಹದ ತೂಕದ ನೂರರಲ್ಲಿ ಎರಡು ಭಾಗ ಮಾತ್ರ. ಆದರೆ ವಿಶ್ರಾಂತಿಯಲ್ಲಿರುವ ದೇಹವು ಬಳಸುವ ಆಮ್ಲಜನಕದಲ್ಲಿ ಸುಮಾರು ಐದರಲ್ಲೊಂದು ಪಾಲು ಅದಕ್ಕೆ ಬೇಕು. ಅದು ನಾಳೆಗೆಂದು ಕೂಡಿಡುವ ಅಂಗವಲ್ಲ. ಕ್ಷಣಕ್ಷಣಕ್ಕೂ ಹೊಸ ರಕ್ತವನ್ನು ಬೇಡುತ್ತದೆ. ರಕ್ತದ ಹರಿವು ಆರೆಂಟು ಸೆಕೆಂಡುಗಳ ಕಾಲ ನಿಂತರೂ ಸಾಕು, ಎಚ್ಚರ ಹಾರಿಹೋಗುತ್ತದೆ. ಬಿದ್ದವನು ನೆಲದ ಮೇಲೆ ಅಡ್ಡವಾದೊಡನೆ ತಲೆಗೂ ಹೃದಯಕ್ಕೂ ಎತ್ತರದ ಅಂತರವಿಲ್ಲದಂತಾಗಿ ರಕ್ತ ಮತ್ತೆ ಸುಲಭವಾಗಿ ಹರಿಯುತ್ತದೆ, ಎಚ್ಚರ ಮರಳುತ್ತದೆ. ಬೀಳುವಿಕೆಯೇ ಹಲವು ವೇಳೆ ಪ್ರಕೃತಿಯು ಮಾಡುವ ಚಿಕಿತ್ಸೆಯಾಗಿರುತ್ತದೆ.

ಈಗ ದೇವಬಾಗದಂತಹ ಊರಿನಲ್ಲಿ ಮೂವರು ಎಚ್ಚರ ತಪ್ಪಿ ಬಿದ್ದರೆಂದು ಭಾವಿಸೋಣ. ಮೊದಲನೆಯವಳು ಶಾಲೆಯ ಬಾಲಕಿ. ಆಗಸ್ಟ್ ೧೫ರಂದು ಬೆಳಗಿನ ಉಪಾಹಾರವನ್ನೂ ಬಿಟ್ಟು ಬಂದು, ಧ್ವಜವಂದನೆಯ ಸಾಲಿನಲ್ಲಿ ಬಹಳ ಹೊತ್ತು ನಿಂತಿದ್ದಳು. ಮೈ ಬೆವರಿತು, ಹೊಟ್ಟೆ ತೊಳೆಸಿತು, ಮುಖ ಬಿಳಿಚಿತು, ಬಿದ್ದಳು. ಎರಡನೆಯವರು ಎಪ್ಪತ್ತರ ಅಜ್ಜ. ರಕ್ತದೊತ್ತಡಕ್ಕೆ ಮಾತ್ರೆ ಸೇವಿಸುವವರು. ನಸುಕಿನಲ್ಲಿ ಹಾಸಿಗೆಯಿಂದ ಎದ್ದು ನಿಂತೊಡನೆ ಕುಸಿದರು. ಮೂರನೆಯವನು ಹದಿನೇಳರ ಹುಡುಗ. ಗಟ್ಟಿಮುಟ್ಟಾದವನು, ಅಳಿವೆಯಲ್ಲಿ ಈಜುತ್ತಿರುವಾಗಲೇ ಕೈಕಾಲು ಆಡದಾಗಿ ಮುಳುಗತೊಡಗಿದನು, ಗೆಳೆಯರು ಎಳೆದು ತಂದರು.

ಮೂವರೂ ವೈದ್ಯರಿಗೆ ಹೇಳುವ ಮಾತು ಒಂದೇ: "ಕಣ್ಣು ಕತ್ತಲೆ ಬಂತು." ಆದರೆ ರೋಗ ಮೂರು. ಬಾಲಕಿಯದು ನರಗಳ ಪ್ರತಿವರ್ತನೆಯಿಂದ ಹೃದಯದ ಗತಿ ಇಳಿದು ರಕ್ತನಾಳಗಳು ಸಡಿಲಗೊಂಡು ಆಗುವ ಸಾಮಾನ್ಯ ಮೂರ್ಛೆ. ಅದರಿಂದ ಪ್ರಾಣಾಪಾಯವಿಲ್ಲ, ಉಪಚಾರವೆಂದರೆ ನೀರು, ಆಹಾರ, ಮತ್ತು ಮುನ್ಸೂಚನೆ ಕಂಡಾಗ ಕೂಡುವುದು ಅಥವಾ ಮಲಗುವುದು. ಅಜ್ಜನದು ಎದ್ದು ನಿಂತಾಗ ರಕ್ತದೊತ್ತಡ ಇಳಿಯುವ ತೊಂದರೆ. ಮಾತ್ರೆಯ ಪ್ರಮಾಣವನ್ನು ವೈದ್ಯರು ತಿದ್ದಿದರೆ ಬಹುಶಃ ಅದು ನಿಲ್ಲುತ್ತದೆ, ತಿದ್ದದಿದ್ದರೆ ತೊಡೆಯ ಎಲುಬು ಮುರಿದು ಅವರು ಹಾಸಿಗೆ ಹಿಡಿಯಬಹುದು. ಹುಡುಗನದು ಎಲ್ಲಕ್ಕಿಂತ ಗಂಭೀರವಾದುದು. ದೈಹಿಕ ಶ್ರಮದ ನಡುವೆ, ಅದರಲ್ಲಿಯೂ ಈಜುವಾಗ ಎಚ್ಚರ ತಪ್ಪುವುದು, ಹುಟ್ಟಿನಿಂದಲೇ ಬರುವ ಹೃದಯದ ವಿದ್ಯುತ್ ದೋಷವೊಂದರ ಲಕ್ಷಣವಾಗಿರಬಹುದು. ವಿದ್ಯುಲ್ಲೇಖದಲ್ಲಿ ಕ್ಯೂ ಮತ್ತು ಟಿ ಎಂಬ ಗುರುತುಗಳ ನಡುವಣ ಅವಧಿ ದೀರ್ಘವಾಗಿರುವುದು ಇದರ ಸುಳಿವು. ಹೊರಗಿನಿಂದ ನೋಡಿದರೆ ಇವನೇ ಮೂವರಲ್ಲಿ ಆರೋಗ್ಯವಂತನು. ವಾಸ್ತವದಲ್ಲಿ ಇವನನ್ನೇ ಮೊದಲು ಆಸ್ಪತ್ರೆಗೆ ಕರೆದೊಯ್ಯಬೇಕು.

ಪರದೆಯ ಮೇಲಿನ ಮುಖವನ್ನು ಮಾತ್ರ ನೋಡಿ ಈ ಮೂವರನ್ನು ಬೇರ್ಪಡಿಸಲು ಸಾಧ್ಯವೆ? ಎಷ್ಟೇ ದೊಡ್ಡ ತಜ್ಞರಿಗೂ ಸಾಧ್ಯವಿಲ್ಲ. ಬೇರ್ಪಡಿಸುವುದು ಮೂರು ಸಂಗತಿಗಳು: ಬಿದ್ದ ಸಂದರ್ಭದ ವಿವರವಾದ ಕಥನ, ಮಲಗಿದಾಗ ಒಮ್ಮೆ, ಎದ್ದು ನಿಂತ ಮೂರು ನಿಮಿಷಗಳೊಳಗೆ ಮತ್ತೊಮ್ಮೆ ಅಳೆದ ರಕ್ತದೊತ್ತಡ, ಮತ್ತು ಒಂದು ಇ.ಸಿ.ಜಿ. ಇಂದಿನ ವೈದ್ಯಶಾಸ್ತ್ರವು ಮೂರ್ಛೆಯ ಪರೀಕ್ಷೆಯಲ್ಲಿ ಮೊದಲ ಮೆಟ್ಟಿಲೆಂದು ಒಪ್ಪಿರುವುದು ಈ ಮೂರನ್ನೇ. ನಿಂತಾಗ ಮೇಲಿನ ಒತ್ತಡವು ೨೦ ಅಂಕೆಯಷ್ಟು ಅಥವಾ ಕೆಳಗಿನದು ೧೦ ಅಂಕೆಯಷ್ಟು ಇಳಿದರೆ ಅಜ್ಜನ ಪ್ರಶ್ನೆಗೆ ಉತ್ತರ ದೊರಕಿದಂತೆಯೇ. ಇವುಗಳಲ್ಲಿ ಯಾವುದಕ್ಕೂ ದೊಡ್ಡ ನಗರದ ದೊಡ್ಡ ಯಂತ್ರ ಬೇಡವೆಂಬುದನ್ನು ವಾಚಕರು ಗಮನಿಸಬೇಕು. ಮಿದುಳಿನ ಚಿತ್ರ ತೆಗೆಯುವ ಬೆಲೆಬಾಳುವ ಪರೀಕ್ಷೆಯು ಬಹುತೇಕ ಸಾಮಾನ್ಯ ಮೂರ್ಛೆಗಳಲ್ಲಿ ಹೊಸದೇನನ್ನೂ ಹೇಳುವುದಿಲ್ಲ.

ಮೊದಲ ದೂರವೈದ್ಯ

ದೂರದಿಂದ ಹೃದಯವನ್ನು ಪರೀಕ್ಷಿಸುವುದು ನಿನ್ನೆ ಮೊನ್ನೆಯ ಕಲ್ಪನೆಯಲ್ಲ. ಹಾಲೆಂಡಿನ ಲೈಡನ್ ನಗರದ ವಿಲ್ಲೆಮ್ ಐಂತೋವೆನ್ ಎಂಬ ವಿಜ್ಞಾನಿಯು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೃದಯದ ವಿದ್ಯುತ್ತನ್ನು ಅಳೆಯುವ ಸೂಕ್ಷ್ಮ ಯಂತ್ರವನ್ನು ನಿರ್ಮಿಸಿದನು. ಅದರ ತೂಕ ಸುಮಾರು ೨೭೦ ಕಿಲೋಗ್ರಾಮು. ಅದನ್ನು ನಡೆಸಲು ಐದು ಜನ ಬೇಕಾಗಿತ್ತು. ಯಂತ್ರವನ್ನು ಆಸ್ಪತ್ರೆಗೆ ಒಯ್ಯುವಂತಿರಲಿಲ್ಲ; ಹಾಸಿಗೆ ಹಿಡಿದ ರೋಗಿಯನ್ನು ಪ್ರಯೋಗಶಾಲೆಗೆ ತರುವಂತಿರಲಿಲ್ಲ. ಆಗ ಅವನು ೧೯೦೫ರಲ್ಲಿ ಆಸ್ಪತ್ರೆಗೂ ತನ್ನ ಪ್ರಯೋಗಶಾಲೆಗೂ ನಡುವೆ ಒಂದೂವರೆ ಕಿಲೋಮೀಟರು ಟೆಲಿಫೋನ್ ತಂತಿಯ ಮೂಲಕ ಹೃದಯದ ವಿದ್ಯುತ್ ಸಂಕೇತಗಳನ್ನೇ ತರಿಸಿಕೊಂಡನು. ಇ.ಸಿ.ಜಿ.ಯ ಬಾಲ್ಯದಲ್ಲಿಯೇ ದೂರವೈದ್ಯವೂ ಹುಟ್ಟಿತ್ತು ಎನ್ನಬಹುದು. ೧೯೨೪ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರಕಿತು.

ನಮ್ಮ ದೇಶದಲ್ಲಿ ೨೦೦೧ರಲ್ಲಿ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು ಉಪಗ್ರಹದ ಮೂಲಕ ದೂರವೈದ್ಯದ ಪ್ರಯೋಗವನ್ನು ಆರಂಭಿಸಿತು. ಕರ್ನಾಟಕದಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯೂ ಬೆಂಗಳೂರಿನ ನಾರಾಯಣ ಹೃದಯಾಲಯದೊಡನೆ ಈ ರೀತಿ ಜೋಡಣೆಗೊಂಡವು. ಕೇಂದ್ರ ಸರಕಾರದ 'ಇ-ಸಂಜೀವಿನಿ' ೨೦೧೯ರಲ್ಲಿ ಆರಂಭವಾಯಿತು. ೨೦೨೦ರ ಏಪ್ರಿಲಿನಿಂದ, ಕೊರೋನಾ ಕಾಲದಲ್ಲಿ, ಜನರು ಮನೆಯಿಂದಲೇ ವೈದ್ಯರನ್ನು ಕಾಣುವ ಅನುಕೂಲವೂ ಅದರಲ್ಲಿ ಸೇರಿತು. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತರು ೨೦೧೮ರಲ್ಲಿ ಆರಂಭಿಸಿದ ಪ್ರಯತ್ನವಂತೂ ನಮ್ಮ ಕರಾವಳಿಗೆ ಬಹಳ ಹತ್ತಿರದ್ದು. ಅವರು ಕರಾವಳಿ ಮತ್ತು ಮಲೆನಾಡಿನ ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಇ.ಸಿ.ಜಿ. ಯಂತ್ರಗಳನ್ನು ಒದಗಿಸಿ, ವಾಟ್ಸಾಪ್ ಬಳಗಗಳ ಮೂಲಕ ಆ ಲೇಖಗಳನ್ನು ತಜ್ಞರು ಕೂಡಲೇ ನೋಡಿ ಸಲಹೆ ಕೊಡುವಂತೆ ಏರ್ಪಡಿಸಿದರು. ೨೦೨೩ರಲ್ಲಿ ರಾಜ್ಯ ಸರಕಾರವು ಪುನೀತ್ ರಾಜಕುಮಾರ್ ಅವರ ಹೆಸರಿನಲ್ಲಿ ಆರಂಭಿಸಿದ 'ಹೃದಯ ಜ್ಯೋತಿ' ಯೋಜನೆಯೂ ಇದೇ ತತ್ತ್ವದ್ದು. ಜಿಲ್ಲಾ ಮತ್ತು ತಾಲೂಕು ಆಸ್ಪತ್ರೆಗಳಲ್ಲಿ ತೆಗೆದ ಇ.ಸಿ.ಜಿ.ಯನ್ನು ಜಯದೇವ ಸಂಸ್ಥೆಯಂತಹ ಕೇಂದ್ರಗಳ ತಜ್ಞರಿಗೆ ತಲಪಿಸುವುದು ಅದರ ಕ್ರಮ.

ಈ ಯೋಜನೆಗಳ ಮುಖ್ಯ ಗುರಿ ಹೃದಯಾಘಾತ, ಅದು ನ್ಯಾಯವೇ. ಆದರೆ ನಾವು ಹೇಳುವುದಿಷ್ಟು: ಎದೆನೋವಿನವನಿಗಾಗಿ ಇಟ್ಟ ಯಂತ್ರವೇ ಎಚ್ಚರ ತಪ್ಪಿದವನಿಗೂ ಸಾಕು. ಬೇಕಾದುದು ಹೊಸ ಯಂತ್ರವಲ್ಲ, ಹೊಸ ಅಭ್ಯಾಸ. "ಎಚ್ಚರ ತಪ್ಪಿ ಬಿದ್ದ ಯಾರಿಗೇ ಆಗಲಿ, ವಯಸ್ಸು ಎಷ್ಟೇ ಇರಲಿ, ಒಂದು ಇ.ಸಿ.ಜಿ. ತೆಗೆದು ಕಳುಹಿಸತಕ್ಕದ್ದು" ಎಂಬ ಒಂದು ಸಾಲಿನ ನಿಯಮವು ಪ್ರತಿಯೊಂದು ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಇರಬೇಕು.

ಸರಿಯಾಗಿ ಗುರುತಿಸಿದರೆ ಆಗುವ ಲಾಭ ಅಲ್ಪವಲ್ಲ. ನಾಡಿ ಬಹಳ ನಿಧಾನವಾಗಿ, ಆಗಾಗ್ಗೆ ಎಚ್ಚರ ತಪ್ಪುವ ರೋಗಿಗಳ ವಿಷಯವನ್ನು ಐರ್ಲೆಂಡಿನ ಡಬ್ಲಿನ್ ನಗರದ ರಾಬರ್ಟ್ ಆಡಮ್ಸ್ ೧೮೨೭ರಲ್ಲಿಯೂ ವಿಲಿಯಂ ಸ್ಟೋಕ್ಸ್ ೧೮೪೬ರಲ್ಲಿಯೂ ಬರೆದಿಟ್ಟರು. ಮೂರ್ಛೆಯ ಬೇರು ತಲೆಯಲ್ಲಿಲ್ಲದೆ ಎದೆಯಲ್ಲಿರಬಹುದೆಂದು ಅವರು ಕಂಡುಕೊಂಡರೂ ಚಿಕಿತ್ಸೆ ಅವರ ಕೈಯಲ್ಲಿರಲಿಲ್ಲ. ೧೯೫೮ರಲ್ಲಿ ಸ್ವೀಡನ್ ದೇಶದಲ್ಲಿ ಅಂತಹುದೇ ರೋಗಿಯೊಬ್ಬನ ದೇಹದೊಳಗೆ, ಹೃದಯದ ಗತಿಯನ್ನು ಕಾಯುವ ಪೇಸ್‌ಮೇಕರ್ ಎಂಬ ಸಾಧನವನ್ನು ಪ್ರಪಂಚದಲ್ಲಿ ಮೊದಲ ಸಲ ಹುದುಗಿಸಲಾಯಿತು. ದಿನಕ್ಕೆ ಹಲವು ಬಾರಿ ಎಚ್ಚರ ತಪ್ಪುತ್ತಿದ್ದ ಆತನು ಕಾಲಕಾಲಕ್ಕೆ ಸಾಧನವನ್ನು ಬದಲಿಸಿಕೊಳ್ಳುತ್ತ ೨೦೦೧ರವರೆಗೆ ಬಾಳಿದನು.

ಪದವೇ ತಂದೊಡ್ಡುವ ತೊಡಕು

ಕನ್ನಡಿಗರಾದ ನಮಗೆ ಇಲ್ಲಿ ಇನ್ನೊಂದು ವಿಶೇಷ ತೊಡಕುಂಟು. 'ಮೂರ್ಛೆ' ಎಂಬ ಒಂದೇ ಪದವನ್ನು ನಾವು ಸಾಮಾನ್ಯವಾಗಿ ಎಚ್ಚರ ತಪ್ಪುವುದಕ್ಕೂ ಬಳಸುತ್ತೇವೆ, ಅಪಸ್ಮಾರಕ್ಕೂ ಬಳಸುತ್ತೇವೆ. ಅಪಸ್ಮಾರವು ಮಿದುಳಿನಲ್ಲಿ ವಿದ್ಯುತ್ ಚಟುವಟಿಕೆ ಅಂಕೆ ತಪ್ಪುವುದರಿಂದ ಬರುವ ರೋಗ. ಇಲ್ಲಿ ಹೇಳಿದ ಮೂರ್ಛೆ ಮಿದುಳಿಗೆ ರಕ್ತ ಸಾಲದೆ ಬರುವುದು. ಎರಡರ ಚಿಕಿತ್ಸೆಯೂ ಬೇರೆ. ದೇವಬಾಗದ ಕಡೆಯ ಮನೆಗಳಲ್ಲಿ ಕೊಂಕಣಿಯೇ ಆಡುಮಾತಾಗಿರುವುದರಿಂದ, ಕೊಂಕಣಿಯಲ್ಲಿ ಅನುಭವಿಸಿದುದನ್ನು ಕನ್ನಡದಲ್ಲಿ ಹೇಳಿ, ಅದನ್ನು ವೈದ್ಯರು ಇಂಗ್ಲಿಷಿನಲ್ಲಿ ಬರೆದುಕೊಳ್ಳುವಾಗ, ತಲೆ ತಿರುಗಿದುದು ಎಚ್ಚರ ತಪ್ಪಿದುದಾಗಿಯೂ ಎಚ್ಚರ ತಪ್ಪಿದುದು ಅಪಸ್ಮಾರವಾಗಿಯೂ ಮಾರ್ಪಡಬಹುದು.

ಮೂರ್ಛೆ ಹೋದವನ ಕೈಕಾಲು ಕೆಲವು ಕ್ಷಣ ಅದುರುವುದರಿಂದ ಈ ಗೊಂದಲವು ಮತ್ತಷ್ಟು ಹೆಚ್ಚುತ್ತದೆ. ೧೯೯೪ರಲ್ಲಿ ಜರ್ಮನಿಯ ಸಂಶೋಧಕರು ಆರೋಗ್ಯವಂತರಾದ ತರುಣ ಸ್ವಯಂಸೇವಕರಲ್ಲಿ ಬೇಕೆಂದೇ ಮೂರ್ಛೆ ಬರಿಸಿ, ೫೬ ಸಂದರ್ಭಗಳನ್ನು ಚಲನಚಿತ್ರದಲ್ಲಿ ಸೆರೆಹಿಡಿದು ಪರೀಕ್ಷಿಸಿದರು. ನೂರಕ್ಕೆ ೯೦ರಷ್ಟು ಸಂದರ್ಭಗಳಲ್ಲಿ ಅಂಗಗಳ ಅದುರುವಿಕೆ ಕಂಡುಬಂದಿತು. ಆದಕಾರಣ "ಕೈಕಾಲು ಅದುರಿತು" ಎಂಬ ಒಂದೇ ಮಾತಿನಿಂದ ಅಪಸ್ಮಾರವೆಂದು ತೀರ್ಮಾನಿಸುವುದು ಸರಿಯಲ್ಲ. ಹಾಗೆ ತೀರ್ಮಾನಿಸಿದುದರಿಂದ ಬೇಡದ ಔಷಧವನ್ನು ವರ್ಷಗಟ್ಟಲೆ ನುಂಗಿದವರು ಪ್ರಪಂಚದ ಎಲ್ಲ ದೇಶಗಳಲ್ಲಿಯೂ ಇದ್ದಾರೆ. ನಮ್ಮ ಸಮಾಜದಲ್ಲಿ ಆ ಒಂದು ಪದದ ಭಾರದಿಂದ ಮದುವೆ ಮುರಿಯುತ್ತದೆ, ಕೆಲಸ ತಪ್ಪುತ್ತದೆ, ಮಗುವಿನ ಓದು ನಿಲ್ಲುತ್ತದೆ. ಅಪಸ್ಮಾರದವರಿಗೆ ಹೀಗಾಗುವುದೇ ಅನ್ಯಾಯ. ಆ ರೋಗವೇ ಇಲ್ಲದವರಿಗೆ ಆಗುವುದು ಎರಡನೆಯ ಅನ್ಯಾಯ.

ಇದನ್ನು ತಪ್ಪಿಸಬಲ್ಲವನು ಸಾಕ್ಷಿ. ಮುಖ ಬಿಳಿಚಿತ್ತೋ ನೀಲಿಗಟ್ಟಿತ್ತೋ, ಅದುರುವಿಕೆ ಕೆಲವು ಸೆಕೆಂಡುಗಳಿದ್ದಿತೋ ಒಂದೆರಡು ನಿಮಿಷಗಳಿದ್ದಿತೋ, ನಾಲಗೆಯ ಅಂಚು ಕಚ್ಚಿಹೋಗಿದೆಯೋ, ಎಚ್ಚರವಾದ ಮೇಲೆ ಕೂಡಲೇ ಗುರುತು ಹಿಡಿದು ಮಾತನಾಡಿದನೋ ಬಹಳ ಹೊತ್ತು ಮಂಕಾಗಿದ್ದನೋ ಎಂಬ ಪ್ರಶ್ನೆಗಳಿಗೆ ಉತ್ತರ ರೋಗಿಗೆ ತಿಳಿದಿಲ್ಲ. ಬಿಳಿಚುವುದು, ಬೆವರುವುದು, ಬೇಗ ಚೇತರಿಸಿಕೊಳ್ಳುವುದು ಮೂರ್ಛೆಯ ಕಡೆಗೂ, ನೀಲಿಗಟ್ಟುವುದು, ನಾಲಗೆ ಕಚ್ಚುವುದು, ದೀರ್ಘವಾದ ಮಂಕು ಅಪಸ್ಮಾರದ ಕಡೆಗೂ ಬೆರಳು ತೋರಿಸುತ್ತವೆ. ಈ ಒಂದು ವಿಷಯದಲ್ಲಿ ಪರದೆಯ ವೈದ್ಯರಿಗೆ ಎದುರಿನ ವೈದ್ಯರಿಗಿಂತ ಹೆಚ್ಚಿನ ಅನುಕೂಲವೂ ಉಂಟು. ಆಸ್ಪತ್ರೆಗೆ ರೋಗಿಯ ಜೊತೆಯಲ್ಲಿ ಬರುವವರು ಸಾಮಾನ್ಯವಾಗಿ ತಂದೆಯೋ ಅಣ್ಣನೋ; ಬಿದ್ದುದನ್ನು ಕಂಡವರು ದೋಣಿಯ ಜೊತೆಗಾರರೋ ತರಗತಿಯ ಸಹಪಾಠಿಗಳೋ ಆಗಿರುತ್ತಾರೆ. ಅವರನ್ನೂ ಪರದೆಯ ಮುಂದೆ ಕೂಡಿಸುವುದು ಬಹಳ ಸುಲಭ. ಯಾರಾದರೂ ಮೊಬೈಲಿನಲ್ಲಿ ಆ ಕ್ಷಣಗಳ ಚಿತ್ರ ತೆಗೆದಿದ್ದರಂತೂ ಅದು ಬಹಳ ಬೆಲೆಯುಳ್ಳ ಪುರಾವೆ.

ಎಚ್ಚರಿಕೆಯ ಮಾತುಗಳು

ದೂರವೈದ್ಯವನ್ನು ಹೊಗಳುವವರು ಕೆಲವು ಮಾತುಗಳನ್ನು ಮರೆಯಬಾರದು. ಮೊದಲನೆಯದಾಗಿ, ಪರದೆಯ ವೈದ್ಯರಿದ್ದಾರೆಂಬ ನೆಪದಿಂದ ಆಸ್ಪತ್ರೆ ಕಟ್ಟುವುದನ್ನು ಯಾರೂ ಮುಂದೂಡಬಾರದು. ಪರದೆಯು ರೋಗವನ್ನು ಹೆಸರಿಸಬಲ್ಲದು, ಪೇಸ್‌ಮೇಕರನ್ನು ಹುದುಗಿಸಲಾರದು. ಹುಡುಗನ ಇ.ಸಿ.ಜಿ.ಯಲ್ಲಿ ದೋಷ ಕಂಡ ವೈದ್ಯರು "ಕೂಡಲೇ ಕರೆದೊಯ್ಯಿರಿ" ಎಂದಾಗ, ಎಲ್ಲಿಗೆ ಎಂಬ ಪ್ರಶ್ನೆಗೆ ೨೦೦ ಕಿಲೋಮೀಟರಿನ ಉತ್ತರವಿದ್ದರೆ ನಿದಾನದಿಂದ ಅರ್ಧ ಪ್ರಯೋಜನ ಮಾತ್ರ.

ಎರಡನೆಯದಾಗಿ, ತುರ್ತು ಪರಿಸ್ಥಿತಿಯಲ್ಲಿ ಪರದೆಗಾಗಿ ಕಾಯಬಾರದು. ಎಚ್ಚರವು ಮರಳದಿದ್ದರೆ, ಎದೆನೋವು ಅಥವಾ ಏದುಸಿರು ಇದ್ದರೆ, ಕೈಕಾಲು ಅಥವಾ ಬಾಯಿ ಒಂದು ಕಡೆಗೆ ಸೋತಿದ್ದರೆ, ತಲೆಗೆ ಪೆಟ್ಟಾಗಿದ್ದರೆ, ಮೊದಲ ಕೆಲಸ ೧೦೮ಕ್ಕೆ ಕರೆಮಾಡುವುದು. ಭಾರತ ಸರಕಾರವು ೨೦೨೦ರ ಮಾರ್ಚ್ ತಿಂಗಳಲ್ಲಿ ಪ್ರಕಟಿಸಿದ ದೂರವೈದ್ಯದ ಮಾರ್ಗಸೂಚಿಯೂ, ತುರ್ತು ಸಂದರ್ಭದಲ್ಲಿ ದೂರದ ಸಲಹೆಯು ಪ್ರಥಮ ಚಿಕಿತ್ಸೆ ಮತ್ತು ಆಸ್ಪತ್ರೆಗೆ ಕಳುಹಿಸುವ ಸಲಹೆಗೆ ಸೀಮಿತವಾಗಿರಬೇಕೆಂದು ಹೇಳಿದೆ.

ಮೂರನೆಯದಾಗಿ, ವೈದ್ಯರ ವೇಷ ಧರಿಸಿದ ಯಂತ್ರದ ವಿಷಯ. ಪ್ರಶ್ನೆ ಕೇಳಿ ರೋಗ ಹೇಳುವ ಗಣಕಯಂತ್ರದ ಕಾರ್ಯಕ್ರಮಗಳು ಇಂದು ಪ್ರತಿಯೊಬ್ಬ ವಿದ್ಯಾರ್ಥಿಯ ಮೊಬೈಲಿನಲ್ಲಿಯೂ ದೊರಕುತ್ತವೆ. ಅದೇ ೨೦೨೦ರ ಮಾರ್ಗಸೂಚಿಯ ಪ್ರಕಾರ, ಕೃತಕ ಬುದ್ಧಿಯ ಯಂತ್ರಗಳು ವೈದ್ಯರಿಗೆ ನೆರವಾಗಬಹುದು. ತಾವೇ ರೋಗಿಗೆ ಸಲಹೆ ಕೊಡುವಂತಿಲ್ಲ, ಔಷಧ ಬರೆಯುವಂತಿಲ್ಲ. ಈ ಗೆರೆಯನ್ನು ನಾವು ಒಪ್ಪುತ್ತೇವೆ. ಇ.ಸಿ.ಜಿ.ಯ ಅವಧಿಗಳನ್ನು ಅಳೆಯುವುದರಲ್ಲಿ ಯಂತ್ರವು ಚುರುಕಾದ ಸಹಾಯಕ. ಆದರೆ "ಸುಮ್ಮನೆ ನಿಂತಿದ್ದಾಗ ಬಿದ್ದೆ" ಎಂದ ಹುಡುಗನ ಮುಖದಲ್ಲಿ ಏನೋ ಮುಚ್ಚಿಡುತ್ತಿದ್ದಾನೆಂದು ಕಂಡು, "ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲಿ ಯಾರಾದರೂ ಇದ್ದಕ್ಕಿದ್ದಂತೆ ತೀರಿಕೊಂಡಿದ್ದರೆ, ಮಗು?" ಎಂದು ಮೆಲ್ಲನೆ ಕೇಳಿ, ಉತ್ತರಕ್ಕೆ ಕಾಯುವುದು ಮನುಷ್ಯರ ಕೆಲಸ. ಆ ಉತ್ತರಕ್ಕೆ ಹೊಣೆಯಾಗುವುದೂ ಮನುಷ್ಯರ ಕೆಲಸವೇ.

ಕೊನೆಯದಾಗಿ, ಹೊಣೆಗಾರಿಕೆಯೆಲ್ಲ ನಗರದ ತಜ್ಞರದೆಂದು ಭಾವಿಸಬಾರದು. ಇಡೀ ವ್ಯವಸ್ಥೆಯ ಆಧಾರಸ್ತಂಭವು ಊರಿನ ಕೇಂದ್ರದಲ್ಲಿರುವ ಸಮುದಾಯ ಆರೋಗ್ಯ ಅಧಿಕಾರಿ, ದಾದಿ ಮತ್ತು ಆಶಾ ಕಾರ್ಯಕರ್ತೆ. ಇ.ಸಿ.ಜಿ.ಯ ತಂತಿಗಳನ್ನು ಎದೆಯ ಮೇಲೆ ಸರಿಯಾದ ಸ್ಥಳಗಳಲ್ಲಿ ಅಂಟಿಸುವುದು ಅವರ ಕೈ. ಅದು ತಪ್ಪಿದರೆ ಬೆಂಗಳೂರಿನ ತಜ್ಞರು ಓದುವುದು ತಪ್ಪಾದ ಲೇಖವನ್ನೇ. ಅವರ ತರಬೇತಿಗೂ ವೇತನಕ್ಕೂ ಕೊಡುವ ಗಮನವನ್ನು ಪರದೆಯ ಅಗಲಕ್ಕೆ ಕೊಡುವ ಗಮನಕ್ಕಿಂತ ಮೇಲಿನದಾಗಿ ಸರಕಾರವು ಎಣಿಸಬೇಕು. ಮಳೆಗಾಲದಲ್ಲಿ ವಿದ್ಯುತ್ತೂ ಮೊಬೈಲ್ ಸಂಪರ್ಕವೂ ಕೈಕೊಡುವ ಕರಾವಳಿಯಲ್ಲಿ, ಲೇಖವನ್ನು ತೆಗೆದಿಟ್ಟುಕೊಂಡು ಸಂಪರ್ಕ ಬಂದಾಗ ಕಳುಹಿಸುವ ಏರ್ಪಾಡೂ, ಬ್ಯಾಟರಿಯಿಂದ ನಡೆಯುವ ಯಂತ್ರವೂ ಇರಬೇಕು.

ವಿದ್ಯಾರ್ಥಿಗಳು ಮಾಡಬಹುದಾದುದು

ಈ ಪುಟಗಳನ್ನು ಓದುವ ವಿದ್ಯಾರ್ಥಿ ಮಿತ್ರರಲ್ಲಿ ಬಹುಮಂದಿ ಒಂದಲ್ಲ ಒಂದು ದಿನ, ಪ್ರಾರ್ಥನೆಯ ಸಾಲಿನಲ್ಲಿಯೋ ಆಟದ ಬಯಲಿನಲ್ಲಿಯೋ ಬಸ್ಸಿನಲ್ಲಿಯೋ, ಪಕ್ಕದವರು ಕುಸಿಯುವುದನ್ನು ಕಾಣುವಿರಿ. ಆಗ ಸುತ್ತಲಿನವರು ಒಬ್ಬರು ಬೀಗದ ಕೈಗೊಂಚಲನ್ನು ಅವರ ಕೈಯಲ್ಲಿ ತುರುಕುವರು, ಇನ್ನೊಬ್ಬರು ಈರುಳ್ಳಿಯನ್ನೋ ಚಪ್ಪಲಿಯನ್ನೋ ಮೂಸಿಸುವರು, ಮತ್ತೊಬ್ಬರು ಬಾಯಿಗೆ ನೀರು ಹೊಯ್ಯುವರು. ಕಬ್ಬಿಣಕ್ಕೂ ವಾಸನೆಗೂ ಮೂರ್ಛೆಯನ್ನು ಗುಣಪಡಿಸುವ ಶಕ್ತಿಯಿಲ್ಲ. ಎಚ್ಚರವಿಲ್ಲದವರ ಬಾಯಿಗೆ ಹೊಯ್ದ ನೀರು ಶ್ವಾಸನಾಳಕ್ಕೆ ಇಳಿಯಬಹುದು. ಮಾಡಬೇಕಾದುದು ಇಷ್ಟೇ: ಅಂಗಾತ ಮಲಗಿಸಿ ಕಾಲುಗಳನ್ನು ತುಸು ಎತ್ತಿ ಹಿಡಿಯಿರಿ, ಬಿಗಿಯಾದ ಬಟ್ಟೆಯನ್ನು ಸಡಿಲಿಸಿ, ಗಾಳಿಗೆ ದಾರಿ ಬಿಡಿ, ವಾಂತಿಯಾಗುವಂತಿದ್ದರೆ ಪಕ್ಕಕ್ಕೆ ಹೊರಳಿಸಿ, ಎಚ್ಚರವಾದೊಡನೆ ಎಬ್ಬಿಸಿ ನಿಲ್ಲಿಸಬೇಡಿ. ಉಸಿರಾಟವು ಸಹಜವಾಗಿಲ್ಲದಿದ್ದರೆ ಅದು ಸಾಮಾನ್ಯ ಮೂರ್ಛೆಯಲ್ಲ. ಕೂಡಲೇ ೧೦೮ಕ್ಕೆ ಕರೆಮಾಡಿ, ಎದೆಯ ನಡುವೆ ಎರಡೂ ಕೈಗಳಿಂದ ಬಲವಾಗಿ, ಬೇಗಬೇಗನೆ ಒತ್ತುತ್ತಿರಿ.

ಅದರ ಜೊತೆಗೆ ನೋಡಿರಿ, ನೆನಪಿನಲ್ಲಿಡಿರಿ. ಗಡಿಯಾರವನ್ನು ನೋಡಿ, ಎಷ್ಟು ಹೊತ್ತು ಎಚ್ಚರವಿರಲಿಲ್ಲವೆಂದು ಗುರುತಿಸಿರಿ. ಬೀಳುವ ಮೊದಲು ಏನು ಮಾಡುತ್ತಿದ್ದರು, ಏನು ಹೇಳಿದರು, ಮುಖದ ಬಣ್ಣ ಹೇಗಿತ್ತು, ಎದ್ದ ಮೇಲೆ ಮೊದಲ ಮಾತೇನು ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಿರಿ. ಮೊಬೈಲಿನಲ್ಲಿ ಚಿತ್ರ ತೆಗೆಯುವುದಾದರೆ ಅದು ವೈದ್ಯರ ಕಣ್ಣಿಗೆ ಮಾತ್ರ ಮೀಸಲು. ಅದನ್ನು ಗೆಳೆಯರ ಬಳಗಕ್ಕೆ ಹಂಚುವುದು ಬಿದ್ದವರನ್ನು ಎರಡನೆಯ ಸಲ ಬೀಳಿಸಿದಂತೆ. ಈ ಒಂದು ಹಾಳೆಯು ವೈದ್ಯರಿಗೆ ಎಷ್ಟೋ ಬೆಲೆಬಾಳುವ ಪರೀಕ್ಷೆಗಳಿಗಿಂತ ಹೆಚ್ಚಿನದನ್ನು ತಿಳಿಸಬಲ್ಲದು. ವೀಕ್ಷಣೆ, ಕಾಲದ ಅಳತೆ, ಕಂಡುದನ್ನು ಕಂಡಂತೆ ಬರೆಯುವುದು ಎಂದು ಪ್ರಯೋಗಶಾಲೆಯಲ್ಲಿ ನಮಗೆ ಕಲಿಸಿದ ಪಾಠವೂ ಇದೇ ಅಲ್ಲವೆ?

ಐಂತೋವೆನ್ ತಂತಿಯ ಒಂದು ತುದಿಯಲ್ಲಿ ಕುಳಿತು ಹೃದಯದ ಗತಿಯನ್ನು ಓದುತ್ತಿದ್ದಾಗ, ಇನ್ನೊಂದು ತುದಿಯಲ್ಲಿ, ಆಸ್ಪತ್ರೆಯ ಕೋಣೆಯಲ್ಲಿ, ರೋಗಿಯ ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಸರಿಯಾಗಿ ಇರಿಸಿ ಸಂಪರ್ಕ ಕಲ್ಪಿಸಿದ ಸಹಾಯಕರಿದ್ದರು. ಅವರ ಹೆಸರು ಪಠ್ಯಪುಸ್ತಕಗಳಲ್ಲಿಲ್ಲ. ಆದರೆ ಅವರಿಲ್ಲದೆ ಆ ಲೇಖವಿರಲಿಲ್ಲ. ಇಂದು ತಂತಿಯ ಬದಲು ಅಲೆಗಳು ಬಂದಿವೆ, ಒಂದೂವರೆ ಕಿಲೋಮೀಟರು ಐನೂರಾಗಿದೆ. ಇನ್ನೊಂದು ತುದಿಯಲ್ಲಿ ಒಬ್ಬ ಮನುಷ್ಯನು ಬೇಕೆಂಬ ನಿಯಮ ಮಾತ್ರ ಬದಲಾಗಿಲ್ಲ. ಅಳಿವೆಯ ಆಚೆಯ ಊರುಗಳಲ್ಲಿ ಆ ಮನುಷ್ಯನನ್ನು ಸಿದ್ಧಪಡಿಸುವುದು ಸರಕಾರದ ಕರ್ತವ್ಯ. ಆ ಮನುಷ್ಯನಾಗಲು ಸಿದ್ಧರಾಗುವುದು ನಮ್ಮ ತರುಣರ ಕರ್ತವ್ಯ.